ಬಣ್ಣ ಮೊದಲು, ಬೆಸುಗೆ ಆಮೇಲೆ: ಹಾಯಿಹಡಗಿನ ಮಾದರಿಯೊಂದರ ಹಿತ್ತಾಳೆ ಕೊಂಡಿಗಳ ಪ್ರಕರಣ

ಹಡಗಿನ ಮಾದರಿ ಕಟ್ಟುವವರಲ್ಲಿ ಹೆಚ್ಚಿನವರು ಮರಗೆಲಸದ ಕಡೆಯಿಂದ ಬಂದವರು. ಹಲಗೆ ಬಾಗಿಸುವುದು, ಪಕ್ಕೆಗೆ ಕೂರಿಸುವುದು, ಹುರಿ ಹೊಸೆಯುವುದು ಅವರಿಗೆ ಕೈಗೆ ಹತ್ತಿದ ಕೆಲಸ. ಹಿತ್ತಾಳೆಯ ಬಿಡಿಭಾಗಗಳ ಸರದಿ ಬಂದಾಗ ಮಾತ್ರ "ಹೇಗೋ ಬೆಸೆದು ಕಪ್ಪು ಬಳಿದರಾಯಿತು" ಎಂಬ ಆತುರ ಬಂದುಬಿಡುತ್ತದೆ. ಅಂಥ ಆತುರದಿಂದ ಶುರುವಾಗಿ, ಅರ್ಧ ದಾರಿಯಲ್ಲಿ ಕೆಟ್ಟು, ಮತ್ತೆ ಮೊದಲಿನಿಂದ ಮಾಡಿ ಸರಿಪಡಿಸಿಕೊಂಡ ಒಂದು ಮಾದರಿಯ ಕಥೆ ಇದು. ಕಟ್ಟಿದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಹಡಗಿನ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಕೆಲಸ ಕೆಟ್ಟ ಮೇಲೆ ನನ್ನನ್ನು ನೋಡಲು ಕರೆದರು. ಅಲ್ಲಿಂದ ಮುಂದೆ ಅವರ ಮೇಜಿನ ಪಕ್ಕದಲ್ಲೇ ಕೂತು ನೋಡಿದ್ದನ್ನು ಇಲ್ಲಿ ಇಟ್ಟಿದ್ದೇನೆ.

ಹಿನ್ನೆಲೆ

ಮಾದರಿ 18ನೇ ಶತಮಾನದ ಮೂರು ಕೂವೆಗಳ ಯುದ್ಧನೌಕೆ, ಅಳತೆ 1:64. ಕೂವೆಯನ್ನು ಎರಡೂ ಪಕ್ಕಗಳಿಂದ ಎಳೆದು ಹಿಡಿಯುವ ದಪ್ಪ ಹಗ್ಗಗಳಿಗೆ ಶ್ರೌಡ್ ಎನ್ನುತ್ತಾರೆ. ಶ್ರೌಡಿನ ಕೆಳತುದಿಯಲ್ಲಿ ಮೂರು ತೂತಿನ ಮರದ ಬಿಲ್ಲೆಯೊಂದಿರುತ್ತದೆ, ಅದು ಡೆಡ್‌ಐ. ಅದರ ಕೆಳಗೆ ಜೋಡಿಯಾಗಿ ಇನ್ನೊಂದು ಡೆಡ್‌ಐ. ಎರಡರ ತೂತುಗಳಲ್ಲೂ ಸಣ್ಣ ಹಗ್ಗ ಪೋಣಿಸಿ ಬಿಗಿಯುತ್ತಾರೆ. ಕೆಳಗಿನ ಡೆಡ್‌ಐಯನ್ನು ಸುತ್ತಿಹಿಡಿಯುವುದು ಕಬ್ಬಿಣದ ಸ್ಟ್ರಾಪ್. ಸ್ಟ್ರಾಪಿನ ಬಾಲಕ್ಕೆ ನಡುಕೊಂಡಿ, ನಡುಕೊಂಡಿಗೆ ಕೆಳಕೊಂಡಿ, ಕೆಳಕೊಂಡಿಯನ್ನು ಹಡಗಿನ ಮೈಗೆ ಸೇರಿಸುವ ಬೋಲ್ಟ್. ಶ್ರೌಡಿನ ಎಳೆತವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಮೂರು ತುಂಡು ಕಬ್ಬಿಣದ ಮೇಲೆ.

1:64ರಲ್ಲಿ 12 ಅಂಗುಲದ ಡೆಡ್‌ಐ 4.8 ಮಿ.ಮೀ. ಆಗುತ್ತದೆ. ಒಂದೂವರೆ ಅಂಗುಲ ದಪ್ಪದ ಕಬ್ಬಿಣದ ಸರಳು 0.6 ಮಿ.ಮೀ. ಆಗುತ್ತದೆ. ಅವರು 0.6 ಮಿ.ಮೀ. ಹಿತ್ತಾಳೆ ತಂತಿ ಆರಿಸಿಕೊಂಡಿದ್ದರು. ಲೆಕ್ಕ ಸರಿಯಾಗಿತ್ತು. ಕೊಂಡಿಗಳು ಕಬ್ಬಿಣದಂತೆ ಕಪ್ಪಗೆ ಕಾಣಬೇಕು, ಆದರೆ ಬಣ್ಣ ಬಳಿದಂತೆ ಕಾಣಬಾರದು ಎಂಬುದು ಅವರ ಆಸೆ. ಅದಕ್ಕೆ ಹಿತ್ತಾಳೆಯನ್ನು ರಾಸಾಯನಿಕದಲ್ಲಿ ಅದ್ದಿ ಕಪ್ಪಾಗಿಸುವ ದಾರಿ ಹಿಡಿದಿದ್ದರು. ಅದ್ದಿದ ಕಪ್ಪು ಲೋಹದ ಮೈಗೇ ಹತ್ತುತ್ತದೆ, ದಪ್ಪ ಕೂಡಿಸುವುದಿಲ್ಲ, ಕೊಂಡಿ ಕೊಂಡಿಗೆ ಉಜ್ಜುವಲ್ಲಿ ಬಣ್ಣದ ಪದರದಂತೆ ಚೂರುಚೂರಾಗಿ ಏಳುವುದೂ ಇಲ್ಲ. ಈ ಆಯ್ಕೆ ನನಗೂ ಒಪ್ಪಿಗೆಯೇ. ಆದರೆ ಈ ಆಯ್ಕೆ ಮಾಡಿದ ದಿನವೇ ಯಾವ ಬೆಸುಗೆ ಎಂಬುದೂ ಅರ್ಧ ತೀರ್ಮಾನವಾಗಿಹೋಗಿತ್ತು. ಅದು ಆಗ ಅವರ ಗಮನಕ್ಕೆ ಬರಲಿಲ್ಲ.

ಮೊದಲ ಸುತ್ತು

ಅವರ ಬಳಿ ಇದ್ದದ್ದು ಎಲೆಕ್ಟ್ರಾನಿಕ್ಸ್ ಕೆಲಸದ ಸಾಲ್ಡರಿಂಗ್ ಐರನ್ ಮತ್ತು ತವರ 60, ಸೀಸ 40 ಬೆರೆತ ಸಾಮಾನ್ಯ ಸಾಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ. 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗಿ 190ರ ಹತ್ತಿರ ಪೂರ್ತಿ ನೀರಾಗುವ ಮಿಶ್ರಣ ಅದು. ಲೋಹದ ಮೈಯ ಪೊರೆ ಕಳೆದು ಸಾಲ್ಡರ್ ಹತ್ತುವಂತೆ ಮಾಡುವ ಫ್ಲಕ್ಸ್ ಆಗಿ ಸತುವಿನ ಕ್ಲೋರೈಡ್ ಇರುವ ದ್ರಾವಣ ಬಳಸಿದರು. ಇಂಥ ಆಮ್ಲದ ಫ್ಲಕ್ಸ್ ಹಿತ್ತಾಳೆಯ ಮೇಲೆ ಚುರುಕಾಗಿ ಕೆಲಸ ಮಾಡುತ್ತದೆ. ಐರನ್ ಮುಟ್ಟಿಸಿದ ಕೂಡಲೇ ಸಾಲ್ಡರ್ ಹರಿದು ಹರಡುವುದು ನೋಡಲು ಚೆಂದ. ಕೊಂಡಿಯ ಎರಡು ತುದಿ ಸೇರುವಲ್ಲಿ ಒಂದು ಬೊಟ್ಟು ಸಾಲ್ಡರ್ ನಿಲ್ಲುತ್ತಿತ್ತು, ಅದನ್ನು ಸಣ್ಣ ಅರದಿಂದ ಉಜ್ಜಿ ತಂತಿಯ ದಪ್ಪಕ್ಕೇ ತರುತ್ತಿದ್ದರು.

ಮೊದಲ ತೊಂದರೆ ಕಪ್ಪಾಗಿಸುವಾಗಲೇ ಬಂತು. ಹಿತ್ತಾಳೆ ಕಪ್ಪಾಯಿತು, ಸಾಲ್ಡರ್ ಇದ್ದ ಜಾಗ ಬೆಳ್ಳಗೆ ಮಿನುಗುತ್ತ ಉಳಿಯಿತು. ಹಿತ್ತಾಳೆಗೆಂದು ಮಾರುವ ಕಪ್ಪು ದ್ರಾವಣಗಳಲ್ಲಿ ಹೆಚ್ಚಿನವು ಸೆಲೆನಿಯಂ ಸಂಯುಕ್ತದವು. ತಾಮ್ರದೊಡನೆ ಸೇರಿ ಕಪ್ಪು ಪದರ ಕಟ್ಟುವುದು ಅವುಗಳ ಗುಣ. ತವರ, ಸೀಸಗಳ ಮೇಲೆ ಆ ಕಪ್ಪು ಹಾಗೆ ಕೂರುವುದಿಲ್ಲ. ಪ್ರತಿ ಕೊಂಡಿಯ ಮೇಲೂ ಒಂದೊಂದು ಬಿಳಿ ಚುಕ್ಕೆ ಉಳಿದು, ಸಾಲಾಗಿ ನಿಲ್ಲಿಸಿದರೆ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ ಎಂಬಂತಾಯಿತು. ಅವರು ಸಣ್ಣ ಕುಂಚದಿಂದ ಆ ಚುಕ್ಕೆಗಳಿಗೆ ಕಪ್ಪು ಬಣ್ಣ ಹಚ್ಚಿದರು. ದೂರದಿಂದ ಸರಿ, ಹತ್ತಿರ ಹೋದರೆ ಎರಡು ಬಗೆಯ ಕಪ್ಪು ಎದ್ದು ಕಾಣುತ್ತಿತ್ತು. "ಶ್ರೌಡ್ ಕಟ್ಟಿದ ಮೇಲೆ ಯಾರೂ ಇದನ್ನ ನೋಡಲ್ಲ ಬಿಡಿ ಸಾರ್" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮುಂದೆ ಹೋದದ್ದನ್ನು ಅವರೇ ನನಗೆ ಹೇಳಿದರು.

ಆಮೇಲಿನ ತೊಂದರೆಗೆ ಸಮಾಧಾನದ ಮಾತು ಸಾಲಲಿಲ್ಲ. ಮುಂಗೂವೆಯ ಶ್ರೌಡ್‌ಗಳನ್ನು ಬಿಗಿದು ಕೆಲವು ವಾರ ಕಳೆದಿತ್ತು. ಒಂದೇ ಸಾಲಿನಲ್ಲಿರಬೇಕಾದ ಡೆಡ್‌ಐಗಳಲ್ಲಿ ಎರಡು ಮೂರು ಸ್ವಲ್ಪ ಮೇಲೆದ್ದಿದ್ದವು. ಹಗ್ಗ ಸಡಿಲವಾಗಿದೆ ಎಂದುಕೊಂಡು ಬಿಗಿಮಾಡಿದರು. ಇನ್ನೂ ಕೆಲವು ದಿನಗಳಿಗೆ ಒಂದು ನಡುಕೊಂಡಿ ಪೂರ್ತಿ ಬಾಯ್ಬಿಟ್ಟು ಡೆಡ್‌ಐ ಹಗ್ಗದ ಜೊತೆ ಮೇಲಕ್ಕೆ ಹೋಯಿತು.

ಬಿಟ್ಟ ಕೊಂಡಿ ಹೇಳಿದ್ದು

ನನ್ನನ್ನು ಕರೆದದ್ದು ಆಗ. ಬೆಸುಗೆ ಬಿಟ್ಟಿತು ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಒಂದೇ ಕಾರಣ: ಜಾಗ ಕೊಳೆಯಾಗಿತ್ತು, ಸಾಲ್ಡರ್ ಹಿಡಿಯಲಿಲ್ಲ. ಅವರೂ ಹಾಗೇ ನಂಬಿ, ಇನ್ನೂ ಚುರುಕಾದ ಫ್ಲಕ್ಸ್ ತರಿಸಿ ಎಲ್ಲವನ್ನೂ ಮತ್ತೆ ಅದೇ ಸಾಲ್ಡರಿನಿಂದ ಬೆಸೆಯಲು ತಯಾರಾಗಿದ್ದರು. ಆ ಕೆಲಸ ನಿಲ್ಲಿಸಿ ಬಿಟ್ಟುಹೋದ ಕೊಂಡಿಯನ್ನು ಭೂತಗನ್ನಡಿಯಲ್ಲಿ ನೋಡಿದ್ದು ಈ ಪ್ರಕರಣದ ಮೊದಲ ತಿರುವು.

ಸಾಲ್ಡರ್ ಹಿಡಿಯದೆ ಬಿಟ್ಟ ಬೆಸುಗೆಯಲ್ಲಿ ತಂತಿಯ ತುದಿ ಬರಿ ಹಿತ್ತಾಳೆಯ ಹಳದಿಯಾಗಿಯೇ ಇರುತ್ತದೆ. ಇಲ್ಲಿ ಎರಡು ತುದಿಗಳಿಗೂ ತವರ ಚೆನ್ನಾಗಿ ಹತ್ತಿತ್ತು. ಒಡೆದದ್ದು ನಡುವಿನ ಸಾಲ್ಡರ್. ಅದೂ ಚಟ್ಟನೆ ಮುರಿದಂತಿರಲಿಲ್ಲ. ಎಳೆದು ಎಳೆದು ಸಣ್ಣಗಾಗಿ ಹರಿದಂತೆ, ಮಂಕು ಬೂದು ಬಣ್ಣದಲ್ಲಿತ್ತು. ಇನ್ನೂ ಬಿಡದ ಕೊಂಡಿಗಳನ್ನು ನೋಡಿದಾಗ ಅವುಗಳಲ್ಲೂ ಕೂದಲೆಳೆಯಷ್ಟು ಬಿರುಕು ತೆರೆದುಕೊಂಡಿತ್ತು.

ತವರ ಸೀಸದ ಸಾಲ್ಡರ್ ಕರಗುವ ಬಿಸಿ ಕಡಿಮೆ. ಆದ್ದರಿಂದ ಕೋಣೆಯ ಬಿಸಿಯೇ ಅದರ ಮಟ್ಟಿಗೆ ಸಾಕಷ್ಟು ಹೆಚ್ಚು. ಸಣ್ಣ ಭಾರವಾದರೂ ಬಿಡದೆ ಎಳೆಯುತ್ತಿದ್ದರೆ ಅದು ನಿಧಾನವಾಗಿ ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ಒಮ್ಮೆ ಎಳೆದಾಗ ಗಟ್ಟಿಯಾಗಿ ನಿಂತ ಬೆಸುಗೆಯೇ ತಿಂಗಳುಗಟ್ಟಲೆ ಬಿಗಿದ ಹಗ್ಗದ ಮುಂದೆ ಸೋಲುವುದು ಇದಕ್ಕೇ. 0.6 ಮಿ.ಮೀ. ತಂತಿಯ ತುದಿಗೆ ತುದಿ ಕೂಡಿಸಿದರೆ ಬೆಸುಗೆಗೆ ಸಿಗುವ ಜಾಗ 0.28 ಚದರ ಮಿಲಿಮೀಟರ್ ಮಾತ್ರ. ಸುತ್ತ ನಿಂತಿದ್ದ ಬೊಟ್ಟು ಸ್ವಲ್ಪ ಆಸರೆ ಕೊಡುತ್ತಿತ್ತು, ಅದನ್ನೂ ಅಂದಕ್ಕಾಗಿ ಅರದಿಂದ ಉಜ್ಜಿ ತೆಗೆದಿದ್ದರು. ಹತ್ತಿಯ ಅಥವಾ ನಾರಿನ ಹುರಿಯಾದರೆ ಗಾಳಿಯ ತೇವ ಏರಿದಾಗ ಬಿಗಿ ತಾನೇ ಹೆಚ್ಚುತ್ತದೆ. ಇಷ್ಟೆಲ್ಲ ಸೇರಿದ ಮೇಲೆ ಫ್ಲಕ್ಸ್ ಬದಲಿಸಿ ಏನೂ ಪ್ರಯೋಜನವಿರಲಿಲ್ಲ.

ಎರಡು ದಾರಿಗಳಿದ್ದವು. ತುದಿಗೆ ತುದಿ ಕೂಡಿಸುವ ಬದಲು ಒಂದರ ಪಕ್ಕ ಒಂದು ಮಲಗಿಸಿ ಅದೇ ಸಾಲ್ಡರಿನಿಂದ ಬೆಸೆಯುವುದು ಒಂದು. ಬೆಸುಗೆಯ ಜಾಗ ಹಲವು ಪಟ್ಟು ಹೆಚ್ಚುತ್ತದೆ, ಬಿಡುವುದಿಲ್ಲ. ಆದರೆ ಎರಡು ತಂತಿ ಒಟ್ಟಾದಲ್ಲಿ ದಪ್ಪ 1.2 ಮಿ.ಮೀ.; ನಿಜವಾದ ಹಡಗಿನ ಲೆಕ್ಕಕ್ಕೆ ಅದು 3 ಅಂಗುಲ ದಪ್ಪದ ಗಂಟು. ಬಿಳಿ ಚುಕ್ಕೆಯ ಸಮಸ್ಯೆಯೂ ಹಾಗೇ ಉಳಿಯುತ್ತದೆ. ಇನ್ನೊಂದು ದಾರಿ ಬೆಳ್ಳಿ ಬೆಸುಗೆ, ಅಕ್ಕಸಾಲಿಗರು ಬೆಂಕಿಯಲ್ಲಿ ಮಾಡುವಂಥದ್ದು. ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಶುರುಮಾಡಬೇಕು. ಅವರು ಒಂದು ದಿನ ಯೋಚಿಸಿ ಎರಡನೆಯದನ್ನು ಹಿಡಿದರು. ಬಿಗಿದ ಹಗ್ಗಗಳನ್ನು ಕತ್ತರಿಸಿ ತೆಗೆಯಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು.

ಬೆಂಕಿಯ ಕೆಲಸ

ಆರಿಸಿದ್ದು ಬೆಳ್ಳಿ 55 ಭಾಗ ಇರುವ, ಕ್ಯಾಡ್ಮಿಯಂ ಇಲ್ಲದ ಬೆಸುಗೆ. ಅದು 630ರಿಂದ 660 ಡಿಗ್ರಿಯ ನಡುವೆ ಕರಗುತ್ತದೆ. ಹಳೆಯ ದಾಸ್ತಾನಿನ ಬೆಳ್ಳಿ ಬೆಸುಗೆಗಳಲ್ಲಿ ಕ್ಯಾಡ್ಮಿಯಂ ಇರುವುದುಂಟು, ಅದರ ಹೊಗೆ ವಿಷ. ಎಲ್ಲಿಂದಲೋ ಸಿಕ್ಕ ಗುರುತಿಲ್ಲದ ತುಂಡನ್ನು ಮನೆಯೊಳಗೆ ಕಾಸಬಾರದು. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಮೊದಮೊದಲ ಕೊಂಡಿಗಳು ಕರಗಿಯೇ ಹೋದವು. ಹಿತ್ತಾಳೆ ಕರಗುವುದು 900 ಡಿಗ್ರಿಯ ಆಸುಪಾಸಿನಲ್ಲಿ. ಕಾಗದದ ಮೇಲೆ ಅಂತರ ದೊಡ್ಡದು. 0.6 ಮಿ.ಮೀ. ತಂತಿಗೆ ಟಾರ್ಚಿನ ಜ್ವಾಲೆ ನೇರವಾಗಿ ತಗುಲಿದರೆ ಆ ಅಂತರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕರಗದೆ ಉಳಿದವುಗಳಲ್ಲೂ ಕೆಲವು ಬಿಳಿ ಹೊಗೆ ಬಿಟ್ಟು ಮೈಯೆಲ್ಲ ಗುಳಿ ಬಿದ್ದವು. ಸತು 907 ಡಿಗ್ರಿಗೆ ಕುದಿಯುತ್ತದೆ. ಹಿತ್ತಾಳೆಯನ್ನು ಮಿತಿಮೀರಿ ಕಾಸಿದರೆ ಅದರೊಳಗಿನ ಸತುವೇ ಆವಿಯಾಗಿ ಹೊರಡುತ್ತದೆ.

ಅವರು ಬಣ್ಣ ನೋಡಿ ಕಾವು ಹಿಡಿಯಲು ನೋಡುತ್ತಿದ್ದರು, ಅದೂ ಮೇಜಿನ ದೀಪದ ಪ್ರಖರ ಬೆಳಕಿನಲ್ಲಿ. ಆ ಬೆಳಕಿನಲ್ಲಿ ಮಂದ ಕೆಂಪು ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ತಡವಾಗಿರುತ್ತದೆ. ದೀಪ ಆರಿಸಿ ನಸುಗತ್ತಲೆ ಮಾಡಿಕೊಂಡೆವು. ಕಣ್ಣನ್ನು ತಂತಿಯ ಮೇಲಿಂದ ತೆಗೆದು ಫ್ಲಕ್ಸಿನ ಮೇಲೆ ಇಡುವಂತೆ ಹೇಳಿದೆ. ಬಿಳಿಗಾರದ ಫ್ಲಕ್ಸ್ ಕಾವನ್ನು ತಾನೇ ಹೇಳುತ್ತದೆ: ಮೊದಲು ನೀರು ಆರಿ ಬೆಳ್ಳಗೆ ಉಬ್ಬುತ್ತದೆ, ಆಮೇಲೆ ಕುಸಿದು ಅಂಟಂಟಾಗುತ್ತದೆ, ಕೊನೆಗೆ ಗಾಜಿನಂತೆ ತಿಳಿಯಾಗಿ ತಂತಿಯ ಮೈಗೆ ಹರಡುತ್ತದೆ. ತಿಳಿಯಾದ ಮೇಲೆ ಉಳಿದಿರುವುದು ಕ್ಷಣಗಳು ಮಾತ್ರ. ಸಂದಿನಲ್ಲಿ ಬೆಳ್ಳಿಯ ಗೆರೆ ಫಳಕ್ಕೆಂದು ಓಡಿತೋ, ಜ್ವಾಲೆಯನ್ನು ಪಕ್ಕಕ್ಕೆ ಎಳೆದುಬಿಡಬೇಕು. ಜ್ವಾಲೆ ಸಣ್ಣದಿರಬೇಕು, ದೂರದಿಂದ ಬೀಸುತ್ತಿರಬೇಕು. ಕೊಂಡಿ ಮಲಗಿರುವ ಸೆರಾಮಿಕ್ ಹಾಸು ಮೊದಲು ಬಿಸಿಯಾಗಿ, ಅದರಿಂದ ಕೊಂಡಿಗೆ ಕಾವು ಹತ್ತುವಂತಿದ್ದರೆ ಇನ್ನೂ ಒಳ್ಳೆಯದು. ಬೆಸುಗೆಯ ಚೂರನ್ನೇ ಕಾಸಿದರೆ ಅದು ಗುಂಡಾಗಿ ಉರುಳಿ ಯಾವುದೋ ಒಂದು ಬದಿಗೆ ಅಂಟಿಕೊಳ್ಳುತ್ತದೆ. ಎರಡು ತುದಿಗಳೂ ಒಂದೇ ಕಾವಿಗೆ ಬಂದಾಗ ಮಾತ್ರ ಅದು ನಡುವಿಗೆ ಹರಿಯುತ್ತದೆ.

ಸಂದು ಹೇಗಿರಬೇಕು ಎಂಬುದಕ್ಕೂ ಅವರು ಒಗ್ಗಬೇಕಾಯಿತು. ತವರದ ಸಾಲ್ಡರ್ ಅಗಲ ಸಂದನ್ನೂ ತುಂಬಿ ಮುಚ್ಚುತ್ತದೆ. ಬೆಳ್ಳಿ ಬೆಸುಗೆಗೆ ಬೇಕಾದದ್ದು ಕಿರಿದಾದ ಸಂದು, 0.1 ಮಿ.ಮೀ.ಗಿಂತ ಕಡಿಮೆ. ಇಕ್ಕಳದಲ್ಲಿ ಕತ್ತರಿಸಿದ ತಂತಿಯ ತುದಿ ಎರಡು ಕಡೆಯಿಂದ ಚಪ್ಪಟೆಯಾಗಿ ಚೂಪಾಗಿರುತ್ತದೆ. ಅಂಥ ಎರಡು ತುದಿಗಳನ್ನು ಸೇರಿಸಿದರೆ ಮುಟ್ಟುವುದು ಒಂದು ಅಂಚು ಮಾತ್ರ. ಆದ್ದರಿಂದ ತಂತಿಯನ್ನು ಉಕ್ಕಿನ ಸರಳಿಗೆ ಒತ್ತೊತ್ತಾಗಿ ಸುರುಳಿ ಸುತ್ತಿ, ಒಡವೆ ಕೆಲಸದ ಸಣ್ಣ ಗರಗಸದಿಂದ ಉದ್ದಕ್ಕೆ ಸೀಳಿದರು. ಪ್ರತಿ ಸುತ್ತೂ ಚೊಕ್ಕ ತುದಿಗಳ ಉಂಗುರವಾಗಿ ಬಿತ್ತು. ತುದಿಗಳನ್ನು ಪಕ್ಕಕ್ಕೆ ಸ್ವಲ್ಪ ದಾಟಿಸಿ ಮತ್ತೆ ಎದುರಾಬದುರಾ ತಂದರೆ ತಂತಿಯ ಪುಟಿತದಿಂದಲೇ ಅವು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಬೆಸುಗೆಯ ಪುಡಿಯನ್ನೂ ಫ್ಲಕ್ಸನ್ನೂ ಕಲಸಿಟ್ಟ ಪೇಸ್ಟ್ ಸಿರಿಂಜಿನಲ್ಲಿ ಸಿಗುತ್ತದೆ. ಗುಂಡುಸೂಜಿಯ ಮೊನೆಗೆ ಹತ್ತುವಷ್ಟು ಪೇಸ್ಟ್ ಒಂದು ಕೊಂಡಿಗೆ ಧಾರಾಳ. ಹೀಗೆ ಮಾಡಿದ ಮೇಲೆ ಅರದ ಕೆಲಸ ಹೆಚ್ಚುಕಡಿಮೆ ಇಲ್ಲವೇ ಆಯಿತು.

ಒಂದಕ್ಕೊಂದು ಸಿಕ್ಕಿಸಿದ ಕೊಂಡಿಗಳನ್ನು ಬೆಸೆಯುವಾಗ ಅವೆಲ್ಲ ಒಂದೇ ಮುದ್ದೆಯಾಗಿ ಅಂಟಿಕೊಳ್ಳುವುದು ಇನ್ನೊಂದು ಕಾಟ. ಇದಕ್ಕೆ ಮದ್ದು ಕ್ರಮದಲ್ಲೇ ಇತ್ತು. ಸ್ಟ್ರಾಪ್ ಮತ್ತು ಕೆಳಕೊಂಡಿಯನ್ನು ಬಿಡಿಬಿಡಿಯಾಗಿ, ಸುಮಾರು 720 ಡಿಗ್ರಿಯಲ್ಲಿ ಹರಿಯುವ ಗಟ್ಟಿ ಬೆಸುಗೆಯಿಂದ ಮೊದಲೇ ಮುಗಿಸುವುದು. ಆಮೇಲೆ ನಡುಕೊಂಡಿಯನ್ನು ಎರಡಕ್ಕೂ ಪೋಣಿಸಿ, ಅದರ ಸಂದು ಎರಡು ನೆರೆಯವರಿಂದಲೂ ದೂರ, ನೇರ ಬದಿಯ ನಡುಮಧ್ಯಕ್ಕೆ ಬರುವಂತೆ ತಿರುಗಿಸಿ, ಕಡಿಮೆ ಕಾವಿನ ಬೆಸುಗೆಯಿಂದ ಬೆಸೆಯುವುದು. ನೆರೆಯ ಕೊಂಡಿಗಳು ಮುಟ್ಟುವ ಜಾಗಕ್ಕೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಚೆನ್ನಾಗಿ ಉಜ್ಜಿದರೆ ಬೆಸುಗೆ ಅತ್ತ ಹರಿಯುವುದಿಲ್ಲ.

ಮೆತ್ತಗಾದ ಹಿತ್ತಾಳೆ

ಬೆಸುಗೆ ಕೈಗೆ ಹತ್ತಿದ ಸಂತೋಷದ ನಡುವೆ ಅವರಿಗೆ ಹೊಸ ಭಯ ಹುಟ್ಟಿತು. ಕೆಂಪಗೆ ಕಾದ ತಂತಿ ತನ್ನ ಗಡಸು ಕಳೆದುಕೊಂಡು ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು. "ಬೆಸುಗೆ ಗಟ್ಟಿಯಾಯ್ತು, ತಂತಿಯೇ ಮೇಣ ಆಗೋಯ್ತಲ್ಲ ಸಾರ್" ಎಂದರು. ಐರನ್ನಿನ 200 ಡಿಗ್ರಿ ಚಿಲ್ಲರೆ ಕಾವಿಗೆ ಹಿತ್ತಾಳೆಯ ಹದ ಕೆಡುವುದಿಲ್ಲ. 600 ದಾಟಿದ ಮೇಲೆ ಎಳೆದ ತಂತಿಯ ಗಡಸುತನವೆಲ್ಲ ಹೊರಟುಹೋಗುತ್ತದೆ. ಅವರ ಮಾತು ಸರಿಯೇ ಇತ್ತು.

ಎರಡನೇ ತಿರುವು ಇಲ್ಲಿ. ಮೆತ್ತಗಾದದ್ದನ್ನು ಕೊರತೆ ಎಂದು ಎಣಿಸುವ ಬದಲು ಕೆಲಸದ ಒಂದು ಹಂತವಾಗಿ ಮಾಡಿಕೊಂಡರು. ಕೊಂಡಿಗಳನ್ನು ಬೇಕಾದ ಉದ್ದನೆಯ ಆಕಾರಕ್ಕೆ ಬಾಗಿಸಿ ಬೆಸೆಯುವುದನ್ನು ಬಿಟ್ಟು, ದುಂಡಗಿನ ಉಂಗುರವಾಗಿಯೇ ಬೆಸೆದು, ಆಮೇಲೆ ಎರಡು ಉಕ್ಕಿನ ಗೂಟಗಳ ನಡುವೆ ಎಳೆದು ಉದ್ದ ಮಾಡಿದರು. ಎಳೆದಂತೆ ಹಿತ್ತಾಳೆ ಮತ್ತೆ ಗಡಸಾಗುತ್ತದೆ. ಕೊಂಡಿಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಶ್ರೌಡ್‌ಗಳು ಬೇರೆಬೇರೆ ಓರೆಯಲ್ಲಿ ಇಳಿಯುವುದರಿಂದ ಕೊಂಡಿಯ ಉದ್ದವೂ ಜಾಗದಿಂದ ಜಾಗಕ್ಕೆ ಬದಲಾಗಬೇಕು. ಸುರುಳಿ ಸುತ್ತುವ ಸರಳಿನ ದಪ್ಪ ಬದಲಿಸಿ, ಗೂಟಗಳ ಅಂತರ ಬದಲಿಸಿದರೆ ಅದೂ ಸಿಕ್ಕಿತು. ಇವೆಲ್ಲಕ್ಕಿಂತ ದೊಡ್ಡ ಲಾಭ ಇನ್ನೊಂದು: ಪ್ರತಿ ಬೆಸುಗೆಯೂ ಮೇಜಿನ ಮೇಲೇ ಪರೀಕ್ಷೆಗೆ ಒಳಗಾಯಿತು. ಎಳೆಯುವಾಗ ಕೆಲವು ಕೊಂಡಿಗಳು ಬಿಟ್ಟವು. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳಲ್ಲಿ ಬೆಳ್ಳಿ ಹೊರಗಿನ ಸುತ್ತಿಗೆ ಮಾತ್ರ ಹತ್ತಿ ಒಳಗೆ ಹರಿದೇ ಇರಲಿಲ್ಲ. ಹೊರಗಿನಿಂದ ಎಷ್ಟು ನೋಡಿದರೂ ಗೊತ್ತಾಗುವಂಥ ದೋಷವಲ್ಲ ಅದು. ಹಡಗಿನ ಮೇಲೆ ಹೋಗಿ ಬಿಡುವ ಬದಲು ಇಲ್ಲೇ ಬಿಟ್ಟವು.

ಸ್ಟ್ರಾಪಿಗೂ ಇದೇ ಮೆತ್ತಗಿನ ಗುಣ ನೆರವಾಯಿತು. ಮೊದಲ ಸುತ್ತಿನಲ್ಲಿ ತಂತಿಯನ್ನು ಮರದ ಡೆಡ್‌ಐಗೆ ಸುತ್ತಿ ಐರನ್ ಇಟ್ಟದ್ದರಿಂದ ಮರದ ಅಂಚು ಸುಟ್ಟು ಕಂದಾಗಿತ್ತು. ಈಗ ಸ್ಟ್ರಾಪನ್ನು ಒಂದಿಷ್ಟು ದೊಡ್ಡದಾಗಿಯೇ ಬೆಸೆದು, ಕಪ್ಪಾಗಿಸಿ, ಎಲ್ಲ ಮುಗಿದ ಮೇಲೆ ಡೆಡ್‌ಐಯನ್ನು ಒಳಗೆ ಕೂರಿಸಿ, ತುದಿಗೆ ಚರ್ಮ ಸುತ್ತಿದ ಇಕ್ಕಳದಿಂದ ಕುತ್ತಿಗೆಯನ್ನು ಒತ್ತಿದರು. ಮೆತ್ತಗಿನ ಹಿತ್ತಾಳೆ ಮರದ ಅಂಚಿನ ತೋಡಿಗೆ ಸರಿಯಾಗಿ ಕೂತಿತು.

ಗುಲಾಬಿ ಬಣ್ಣ

ಬೆಂಕಿಯಿಂದ ಬಂದ ಕೊಂಡಿಯ ಮೈಮೇಲೆ ಗಾಜಾದ ಫ್ಲಕ್ಸ್ ಮತ್ತು ಕಪ್ಪು ಪೊರೆ ಇರುತ್ತವೆ. ಇವನ್ನು ಕಳೆಯಲು ಬಿಸಿನೀರಿನಲ್ಲಿ ಸಿಟ್ರಿಕ್ ಆಮ್ಲ ಕದಡಿ ಅದರಲ್ಲಿ ನೆನೆಹಾಕುತ್ತಿದ್ದರು. ಬಳಸಿದಷ್ಟೂ ಆ ದ್ರಾವಣಕ್ಕೆ ಹಿತ್ತಾಳೆಯ ತಾಮ್ರ ಇಳಿದು ಅದು ನೀಲಿ ಹಸಿರಿಗೆ ತಿರುಗುತ್ತದೆ. ಅದರೊಳಗೆ ಉಕ್ಕಿನ ಚಿಮಟ ಅದ್ದಬಾರದು, ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಬೇಕು ಎಂಬುದು ಅಕ್ಕಸಾಲಿಗರೆಲ್ಲ ಹೇಳುವ ನಿಯಮ. ಕಬ್ಬಿಣ ಒಳಗೆ ಹೋಗಿ ಹಿತ್ತಾಳೆಯನ್ನು ಮುಟ್ಟಿದರೆ ದ್ರಾವಣದಲ್ಲಿರುವ ತಾಮ್ರ ಹಿತ್ತಾಳೆಯ ಮೇಲೆ ಬಂದು ಕೂರುತ್ತದೆ.

ಒಂದು ಸಂಜೆ ಉಕ್ಕಿನ ಚಿಮಟ ಒಳಗೆ ಹೋಯಿತು. ಹೊರಗೆ ಬಂದ ಕೊಂಡಿಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅವರು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಆ ತಾಮ್ರ ತೆಗೆಯಲು ಹೊರಟಿದ್ದರು; ವಾಡಿಕೆಯ ಪರಿಹಾರ ಅದೇ. ಗುಲಾಬಿಯಾದದ್ದೊಂದು, ಆಗದಿದ್ದದ್ದೊಂದು ಕೊಂಡಿಯನ್ನು ಜೊತೆಗಿಟ್ಟು ಕಪ್ಪಾಗಿಸಿ ನೋಡೋಣ ಎಂದು ನಾನು ತಡೆದೆ.

ಸಾಮಾನ್ಯ ಕೊಂಡಿ ಕಪ್ಪಾಯಿತು. ಬೆಳ್ಳಿ ಬೆಸುಗೆಯ ಗೆರೆ ತವರದಷ್ಟು ಎದ್ದು ಕಾಣದಿದ್ದರೂ ಮಸುಕು ಬೂದಾಗಿ ಉಳಿಯಿತು. ಗುಲಾಬಿ ಕೊಂಡಿಯಲ್ಲಿ ಗೆರೆಯೇ ಸಿಗಲಿಲ್ಲ. ತಾಮ್ರ ಹಿತ್ತಾಳೆಯ ಮೇಲೂ ಬೆಸುಗೆಯ ಮೇಲೂ ಒಂದೇ ಸಮನಾಗಿ ಕೂತಿದ್ದರಿಂದ ಕಪ್ಪು ದ್ರಾವಣಕ್ಕೆ ಎದುರಾದದ್ದು ತಾಮ್ರ ಮಾತ್ರ. ಅಂದಿನಿಂದ ಅವರು ಹಳೆಯ, ಬಳಸಿ ನೀಲಿಯಾದ ದ್ರಾವಣವನ್ನು ಬೇರೆ ಬಾಟಲಿಯಲ್ಲಿಟ್ಟು, ಕೊನೆಯ ಹಂತವಾಗಿ ಕೊಂಡಿಗಳನ್ನು ಕಬ್ಬಿಣದ ತಂತಿಗೆ ಪೋಣಿಸಿ ಅದರಲ್ಲಿ ಅದ್ದತೊಡಗಿದರು. ಒಡವೆ ಮಾಡುವವರಲ್ಲಿ ಬೆಸುಗೆಯ ಗೆರೆ ಮುಚ್ಚಲು ಈ ಉಪಾಯ ಬಲ್ಲವರಿದ್ದಾರೆ. ಈ ತಾಮ್ರದ ಪೊರೆ ಬಹಳ ತೆಳು. ಎಳೆಯುವುದು, ಅರದಿಂದ ಉಜ್ಜುವುದು ಎಲ್ಲ ಮುಗಿದ ಮೇಲೆಯೇ ಇದನ್ನು ಮಾಡಬೇಕು, ಆಮೇಲೆ ತಂತಿ ಬ್ರಷ್ ತಾಗಿಸಬಾರದು.

ಕಪ್ಪಾಗಿಸುವ ದ್ರಾವಣದ ಬಗ್ಗೆಯೂ ಒಂದು ಮಾತು. ಬಾಟಲಿಯಿಂದ ಹಾಗೇ ಸುರಿದು ಅದ್ದಿದಾಗ ಕ್ಷಣದಲ್ಲಿ ಕಪ್ಪಾಗುತ್ತಿತ್ತು, ಬಟ್ಟೆ ತಾಗಿದರೆ ಮಸಿಯಂತೆ ಉದುರುತ್ತಿತ್ತು. ಭಟ್ಟಿಯಿಳಿಸಿದ ನೀರು ಬೆರೆಸಿ ಚೆನ್ನಾಗಿ ತೆಳು ಮಾಡಿ, ಅದ್ದಿ, ತೊಳೆದು, ಮೆತ್ತಗೆ ಒರೆಸಿ ಮತ್ತೆ ಅದ್ದುತ್ತ ಹೋದಾಗ ಬಣ್ಣ ಕಂದಿನಿಂದ ಕಪ್ಪಿಗೆ ನಿಧಾನವಾಗಿ ಏರಿ ಮೈಗೆ ಹಿಡಿದು ನಿಂತಿತು. ಅದಕ್ಕೆ ಮುಂಚೆ ಅಸಿಟೋನಿನಲ್ಲಿ ತೊಳೆದು, ಅಲ್ಲಿಂದಾಚೆಗೆ ಬರಿಗೈ ತಾಗಿಸದೆ ಇರಬೇಕು. ಬೆರಳಿನ ಜಿಡ್ಡು ಬಿದ್ದಲ್ಲಿ ಕಪ್ಪು ಹತ್ತುವುದಿಲ್ಲ. ಸೆಲೆನಿಯಂ ಸಂಯುಕ್ತಗಳು ವಿಷವಾದ್ದರಿಂದ ಕೈಗವಸು, ಗಾಳಿಯಾಡುವ ಜಾಗ ಹೇಗೂ ಬೇಕೇ ಬೇಕು. ಪ್ರಯೋಗಕ್ಕೆಂದು ಹೊಸ ತಂತಿಯ ತುಂಡು ಅದ್ದಿ ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕಾದು, ಆಮ್ಲದಲ್ಲಿ ನೆನೆದು, ಎಳೆಸಿಕೊಂಡ ತಂತಿಯ ಮೈ ಬೇರೆಯೇ. ಪ್ರಯೋಗದ ತುಂಡೂ ಅದೇ ದಾರಿಯಲ್ಲಿ ಬಂದಿರಬೇಕು.

ಅಮೋನಿಯಾದ ಹಬೆಯಲ್ಲಿಟ್ಟು ಕಪ್ಪಾಗಿಸುವ ಯೋಚನೆಯೂ ಒಮ್ಮೆ ಬಂದಿತ್ತು. ಎಳೆದು ಗಡಸಾದ ಕೊಂಡಿಗಳಿಗೆ ಅದು ಬೇಡವೇ ಬೇಡ ಎಂದೆ. ಒಳಗೆ ಬಿಗಿ ಉಳಿದಿರುವ ಹಿತ್ತಾಳೆಗೆ ತೇವದ ಜೊತೆ ಅಮೋನಿಯಾ ತಗುಲಿದರೆ ಅದು ತಾನಾಗಿ ಸೀಳುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯಗಳ ಹತ್ತಿರ ಇಟ್ಟಲ್ಲಿ ಬಿರುಕು ಬಿಟ್ಟದ್ದಕ್ಕೆ ಕಾರಣ ಇದೇ ಎಂದು 1921ರಲ್ಲಿ ವಿವರಿಸಲಾಯಿತು. ತೋಟಾಗಳನ್ನು ಕಾಸಿ ಒಳಬಿಗಿ ಕಳೆಯುವುದೇ ಅಲ್ಲಿನ ಪರಿಹಾರವಾಗಿತ್ತು.

ಲಾಂದ್ರದಲ್ಲಿ ಉಲ್ಟಾ ನಿರ್ಣಯ

ಬೆಳ್ಳಿ ಬೆಸುಗೆ ಗೆದ್ದ ಹುರುಪಿನಲ್ಲಿ ಅವರು ಹಡಗಿನ ಹಿಂಭಾಗದ ಲಾಂದ್ರವನ್ನೂ ಹಾಗೇ ಮಾಡಲು ಹೊರಟರು. ಅದು 0.2 ಮಿ.ಮೀ. ತಗಡಿನಲ್ಲಿ ಆಮ್ಲದಿಂದ ಕೊರೆದ ಚೌಕಟ್ಟು, ಮಡಿಸಿ ಆರು ಮುಖದ ಗೂಡು ಮಾಡುವಂಥದ್ದು. ಟಾರ್ಚಿನ ಕಾವಿಗೆ ಮೊದಲ ಚೌಕಟ್ಟು ಸೊಟ್ಟಗಾಗಿ ಕುಸಿಯಿತು. ಲಾಂದ್ರವನ್ನು ಯಾವ ಹಗ್ಗವೂ ಎಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಪ್ರೈಮರ್ ಹಚ್ಚಿ ಮೇಲೆ ಹೊಂಬಣ್ಣ. ಕೆಳಗಿನ ಬೆಸುಗೆ ಯಾವ ಬಣ್ಣದ್ದಾದರೂ ನಡೆಯುತ್ತದೆ. ಇಲ್ಲಿ ತವರದ ಬೆಸುಗೆಯೇ ಸರಿ ಎಂದು ತೀರ್ಮಾನವಾಯಿತು.

ಸೀಸ ಬೇಡ ಎಂಬುದನ್ನು ಮಾತ್ರ ಸೇರಿಸಿಕೊಂಡೆವು. ಮಾದರಿ ಕೊನೆಗೆ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಇರುವಂಥದ್ದು. ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಆ ಪೆಟ್ಟಿಗೆಯಲ್ಲಿ ನಿಂತು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಸಂಗ್ರಹಾಲಯಗಳ ಹಡಗು ಮಾದರಿಗಳಲ್ಲಿ ಸೀಸದ ಎರಕದ ತುಂಡುಗಳು ಹೀಗೆ ಹಾಳಾಗಿರುವುದು ಗೊತ್ತಿರುವ ವಿಷಯ. ತವರಕ್ಕೆ ಸ್ವಲ್ಪ ಬೆಳ್ಳಿ ಬೆರೆತ, 221 ಡಿಗ್ರಿಗೆ ಕರಗುವ ಸಾಲ್ಡರ್ ತಂದು, ಮುಗಿದ ಮೂಲೆಗಳಿಗೆ ಒದ್ದೆ ಕಾಗದದ ಚೂರು ಇಟ್ಟು, ಒಂದೊಂದೇ ಮೂಲೆ ಬೆಸೆದರು. ಒದ್ದೆ ಕಾಗದ ಇರುವವರೆಗೆ ಆ ಮೂಲೆಯ ಬೆಸುಗೆ ಮತ್ತೆ ಕರಗುವುದಿಲ್ಲ.

ಫ್ಲಕ್ಸ್ ಮಾತ್ರ ಹಳೆಯದೇ ಆಗಿತ್ತು. ಹೊಂಬಣ್ಣ ಹಚ್ಚಿ ಕೆಲವು ವಾರಕ್ಕೆ ಮಡಿಕೆಯೊಂದರ ಉದ್ದಕ್ಕೂ ಹಸಿರು ಕಿಲುಬು ಬಣ್ಣವನ್ನು ಎತ್ತಿ ಹೊರಬಂತು. ಸತುವಿನ ಕ್ಲೋರೈಡ್ ಗಾಳಿಯ ತೇವ ಹೀರಿಕೊಳ್ಳುವ ವಸ್ತು. ಮಡಿಕೆಯೊಳಗೆ ಒಂದಿಷ್ಟು ಉಳಿದರೂ ಅದು ಒದ್ದೆಯಾಗಿದ್ದು ಹಿತ್ತಾಳೆಯನ್ನು ಕೊರೆಯುತ್ತಲೇ ಇರುತ್ತದೆ. ಮೇಲಿನ ಬಣ್ಣ ಅದನ್ನು ಒಳಗೇ ಕೂಡಿಹಾಕುತ್ತದೆ ಅಷ್ಟೆ. ಎರಡನೇ ಲಾಂದ್ರಕ್ಕೆ ರಾಳದ ಫ್ಲಕ್ಸ್ ಬಳಸಿ ಆಲ್ಕೋಹಾಲಿನಲ್ಲಿ ತೊಳೆದರು. ಆಮ್ಲದ ಫ್ಲಕ್ಸ್ ಬೇಕೇ ಬೇಕಾದ ಜಾಗಗಳಲ್ಲಿ ಕೆಲಸ ಮುಗಿದ ತಕ್ಷಣ, ಮಾರನೇ ದಿನಕ್ಕೆ ಬಿಡದೆ, ಅಡುಗೆ ಸೋಡಾದ ನೀರಿನಲ್ಲಿ ಮುಳುಗಿಸಿ, ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆಯುವುದನ್ನು ರೂಢಿ ಮಾಡಿಕೊಂಡರು.

ಈಗಿನ ಸ್ಥಿತಿ

ಶ್ರೌಡ್‌ಗಳನ್ನು ಎರಡನೇ ಸಲ ಬಿಗಿದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಡೆಡ್‌ಐಗಳ ಸಾಲು ಅಲುಗಿಲ್ಲ. ಕಪ್ಪು ಒಂದೆರಡು ಕಡೆ, ಇಕ್ಕಳದಿಂದ ಒತ್ತಿದ ಸ್ಟ್ರಾಪಿನ ಕುತ್ತಿಗೆಯಲ್ಲಿ, ಸವೆದು ಹಿತ್ತಾಳೆ ಇಣುಕಿತ್ತು. ಅಲ್ಲಿಗೆ ತೆಳು ದ್ರಾವಣವನ್ನು ಕುಂಚದಲ್ಲಿ ಮುಟ್ಟಿಸಿ ಸರಿಮಾಡಿದ್ದಾರೆ.

ಮುಂದಿನ ಮಾದರಿಗೆ ಅವರು ಬಿಡಿಭಾಗಗಳ ಪಟ್ಟಿ ಬರೆಯುವ ರೀತಿಯನ್ನೇ ಬದಲಿಸಿದ್ದಾರೆ. ಮೊದಲು ಪ್ರತಿ ಭಾಗದ ಮುಂದೆ ತಂತಿಯ ದಪ್ಪ, ಬೆಸುಗೆ ಎಂದಷ್ಟೇ ಇರುತ್ತಿತ್ತು. ಈಗ ಮೊದಲ ಕಾಲಂನಲ್ಲಿ ಅದು ಕೊನೆಗೆ ಹೇಗೆ ಕಾಣಬೇಕು ಎಂದಿದೆ: ಅದ್ದಿದ ಕಪ್ಪೋ, ಬಳಿದ ಬಣ್ಣವೋ, ಉಜ್ಜಿದ ಹಿತ್ತಾಳೆಯೋ. ಎರಡನೆಯದರಲ್ಲಿ ಅದನ್ನು ಏನಾದರೂ ಎಳೆಯುತ್ತದೆಯೇ ಎಂದು. ಈ ಎರಡು ತುಂಬಿದ ಮೇಲೆಯೇ ಬೆಸುಗೆಯ ಕಾಲಂ. ಕಪ್ಪಗೆ ಅದ್ದಬೇಕಾದ, ಹಗ್ಗ ಎಳೆಯುವ ಕೊಂಡಿ, ಕೂವೆಪಟ್ಟಿ, ಚುಕ್ಕಾಣಿಯ ಕೀಲುಗಳೆಲ್ಲ ಬೆಂಕಿಗೆ ಹೋಗುತ್ತವೆ. ಬಣ್ಣ ಬಳಿಯುವ ತೆಳು ತಗಡಿನ ಕೆಲಸವೆಲ್ಲ ಐರನ್ನಿಗೆ. ಕಪ್ಪಗೆ ಅದ್ದಬೇಕಾದರೂ ಬೆಂಕಿ ತಡೆಯದಷ್ಟು ತೆಳುವಾದ ಕೆಲವು ಭಾಗಗಳು ಈ ಎರಡರ ನಡುವೆ ಸಿಕ್ಕಿಕೊಂಡಿವೆ. ತವರದಿಂದ ಬೆಸೆದು, ಬೆಸುಗೆಯ ಜಾಗಕ್ಕೆ ಮೈಲುತುತ್ತದ ದ್ರಾವಣ ಹಚ್ಚಿ ಕಬ್ಬಿಣದ ತಂತಿ ಮುಟ್ಟಿಸಿ, ತಾಮ್ರ ಕೂತ ಮೇಲೆ ಕಪ್ಪಾಗಿಸಬಹುದು ಎಂದು ಹೇಳಿದ್ದೇನೆ. ಚೂರುಗಳ ಮೇಲೆ ಮಾಡಿ ನೋಡುತ್ತಿದ್ದಾರೆ. ಅಗಲ ಜಾಗದಲ್ಲಿ ಚೆನ್ನಾಗಿ ಬರುತ್ತಿದೆ, ಒಳಮೂಲೆಗಳಲ್ಲಿ ಇನ್ನೂ ತೇಪೆ ತೇಪೆಯಾಗಿ ಹತ್ತುತ್ತಿದೆ.